ಕಾರ್ಡ್ ಖಾಲಿ ಆಗಲಿಲ್ಲ, ಹೋರಿ ಓಡಿಹೋಯಿತು

ದೀಪಾವಳಿ ಮುಗಿದು ಎರಡು ವಾರಕ್ಕೆ ಹಾವೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಕೊಬ್ಬರಿ ಹೋರಿ ಹಬ್ಬ ಇತ್ತು, ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಓಡಬಿಡುವ ಹಬ್ಬ. ಮದುವೆ ವಿಡಿಯೋ ನನಗೆ ಹೊಟ್ಟೆಪಾಡು, ಹೋರಿ ವಿಡಿಯೋ ಹುಚ್ಚು. ಎರಡು ಕ್ಯಾಮೆರಾ, 128 ಜಿಬಿಯ ಮೂರು ಮೆಮೊರಿ ಕಾರ್ಡ್ ಇಟ್ಟುಕೊಂಡು ಹೋಗಿದ್ದೆ. ಹೋರಿ ಬಿಡುವ ಬಾಯಲ್ಲಿ ನಾನು, ಓಟ ಮುಗಿಯುವ ಕಡೆ ಚಿಕ್ಕಪ್ಪನ ಮಗ. ಯಾವ ಹೋರಿಯನ್ನು ಯಾವ ಗಳಿಗೆಯಲ್ಲಿ ಬಿಡುತ್ತಾರೋ ಹೇಳಲು ಬರುವುದಿಲ್ಲ, ಹಾಗಾಗಿ ರೆಕಾರ್ಡಿಂಗ್ ನಿಲ್ಲಿಸುವಂತಿಲ್ಲ. ಹನ್ನೊಂದು ಗಂಟೆ ಸುಮಾರಿಗೆ ಎರಡೂ ಕಾರ್ಡ್ ಹೆಚ್ಚುಕಮ್ಮಿ ಒಟ್ಟಿಗೇ ತುಂಬಿದವು. ಉಳಿದ ಒಂದು ಕಾರ್ಡನ್ನು ಅವನಿಗೆ ಕೊಟ್ಟು, ನನ್ನದನ್ನು ಲ್ಯಾಪ್‌ಟಾಪಿಗೆ ಹಾಕಿ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಕಾಪಿ ಕೊಟ್ಟೆ. ಒಟ್ಟು 118 ಜಿಬಿ.

ಶುರುವಿಗೆ ಸೆಕೆಂಡಿಗೆ 88 ಎಂಬಿ ತೋರಿಸುತ್ತಿತ್ತು. ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷದ ಕೆಲಸ ಅಂದುಕೊಂಡು ಒಂದು ಚಹಾ ಕುಡಿದು ಬಂದೆ. ನೋಡಿದರೆ 20 ಎಂಬಿಗೆ ಇಳಿದಿದೆ. ಒಮ್ಮೆ 14, ಒಮ್ಮೆ 26, ಮತ್ತೆ 18. ಒಂದು ಗಂಟೆಗೂ ಮೇಲೆ ಬಾಕಿ ಅನ್ನುತ್ತಿದೆ. ಮಧ್ಯದಲ್ಲಿ ನಿಲ್ಲಿಸಿದರೆ ಅಷ್ಟೂ ವ್ಯರ್ಥ. ಕಾಪಿ ಆಗದೆ ಕಾರ್ಡ್ ಫಾರ್ಮ್ಯಾಟ್ ಮಾಡುವ ಧೈರ್ಯ ನನಗಿಲ್ಲ. ಅಷ್ಟರಲ್ಲಿ ಕೇಕೆ ಎದ್ದಿತು. ಇಡೀ ತಾಲೂಕು ಕಾಯುತ್ತಿದ್ದ ಹೋರಿ, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ, ಓಟದ ಬಾಯಿಂದ ಹಾರಿದ್ದು ಹಾರಿದ್ದೇ. ಹತ್ತು ಸೆಕೆಂಡಿನ ಆಟ ಅದು. ನನ್ನ ಕ್ಯಾಮೆರಾ ಕಾರ್ಡಿಲ್ಲದೆ ಸ್ಟ್ಯಾಂಡಿನ ಮೇಲೆ ಸುಮ್ಮನೆ ನಿಂತಿತ್ತು. ಆ ಕಡೆಯ ಕ್ಯಾಮೆರಾದಲ್ಲಿ ಸಿಕ್ಕಿದ್ದು ದೂಳು ಮತ್ತು ಬಾಲ.

ಸಂಜೆ ಹೋರಿಯ ಯಜಮಾನರು ಕೇಳಿದರು: “ಏನಪಾ ತಮ್ಮಾ, ನಮ್ಮ ಹೋರಿ ಬಿಡೂ ಹೊತ್ತಿನ್ಯಾಗ ನಿನ್ನ ಕ್ಯಾಮೆರಾ ಎಲ್ಲಿ ನೋಡಾಕತ್ತಿತ್ತು?” ಹಾರ್ಡ್ ಡಿಸ್ಕ್ ನಿಧಾನ ಆಯಿತು ಎಂದು ಅವರಿಗೆ ಹೇಗೆ ಹೇಳುವುದು?

ಮರುದಿನ ಮನೆಯಲ್ಲಿ ಕುಳಿತು ರೋಗ ಹುಡುಕಲು ಶುರು ಮಾಡಿದೆ. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ ಡಿಸ್ಕ್‌ ಇನ್ಫೋ ಎಂಬ ತಂತ್ರಾಂಶ ತೆರೆದೆ. ಡಿಸ್ಕ್ ಆರೋಗ್ಯವಾಗಿದೆ ಅಂತು, ಕೆಟ್ಟ ಸೆಕ್ಟರ್ ಸೊನ್ನೆ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಎಲ್ಲಾ ಅಷ್ಟೇ. ಆಮೇಲೆ ಲ್ಯಾಪ್‌ಟಾಪಿನ ಒಳಗಿನಿಂದ 200 ಜಿಬಿ ಮದುವೆ ಫುಟೇಜನ್ನು ಒಂದೇ ಸಮ ಕಾಪಿಗೆ ಹಾಕಿ, ಪ್ರತಿ ಹತ್ತು ಜಿಬಿಗೊಮ್ಮೆ ವೇಗವನ್ನು ನೋಟುಬುಕ್ಕಿನಲ್ಲಿ ಬರೆಯುತ್ತ ಹೋದೆ. 10 ಜಿಬಿಗೆ ಸೆಕೆಂಡಿಗೆ 124 ಎಂಬಿ. 20 ಜಿಬಿಗೆ 121. 30ಕ್ಕೆ 43. 40ಕ್ಕೆ 19. ಅಲ್ಲಿಂದ ಮುಂದೆ ಇಪ್ಪತ್ತೈದು ದಾಟಲೇ ಇಲ್ಲ. ನಿಲ್ಲಿಸಿ, ಡಿಸ್ಕನ್ನು ಹಾಗೇ ಸಿಕ್ಕಿಸಿಟ್ಟು ಮಲಗಿದೆ. ಕಾಪಿ ಏನೂ ನಡೆಯದಿದ್ದರೂ ಅದರ ದೀಪ ಮಿಟುಕುತ್ತಲೇ ಇತ್ತು. ಬೆಳಿಗ್ಗೆ ಮತ್ತೆ ಕಾಪಿ ಕೊಟ್ಟರೆ ಮೊದಲ ಇಪ್ಪತ್ತೈದು ಜಿಬಿ ಮತ್ತೆ 120ರ ಮೇಲೆ!

ಅಲ್ಲಿಗೆ ಗೊತ್ತಾಯಿತು, ಇದು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್, ಅಂದರೆ ಹಂಚು ಹೊದಿಸಿದ ಹಾಗೆ ಬರೆಯುವ) ಡಿಸ್ಕ್. ನಮ್ಮ ಮನೆಗಳ ಮೇಲಿನ ಮಂಗಳೂರು ಹಂಚು ನೆನೆಸಿಕೊಳ್ಳಿ. ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ, ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಮೇಲಿನ ಸಾಲನ್ನು ಎತ್ತಬೇಕು. ಈ ಡಿಸ್ಕಿನಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳೂ ಹಾಗೇ ಒಂದರ ಮೇಲೊಂದು ಅರ್ಧ ಹೊದ್ದುಕೊಂಡಿರುತ್ತವೆ. ಜಾಗ ಉಳಿಯುತ್ತದೆ, ತಟ್ಟೆ ಕಡಿಮೆ ಸಾಕು, ಡಿಸ್ಕ್ ಅಗ್ಗ. ಆದರೆ ಮಧ್ಯೆ ಎಲ್ಲಾದರೂ ಬರೆಯಬೇಕೆಂದರೆ ಪಕ್ಕದ ಟ್ರ್ಯಾಕುಗಳನ್ನೆಲ್ಲ ಓದಿಟ್ಟುಕೊಂಡು ಮತ್ತೆ ಬರೆಯಬೇಕು. ಈ ತ್ರಾಸು ನಮಗೆ ಕಾಣಬಾರದೆಂದು ಕಂಪನಿಯವರು ಸ್ವಲ್ಪ ಜಾಗವನ್ನು ಹಳೇ ಪದ್ಧತಿಯಲ್ಲೇ ಬಿಟ್ಟಿರುತ್ತಾರೆ. ಸಂತೆಯಿಂದ ತಂದ ಚೀಲಗಳನ್ನು ಮೊದಲು ಪಡಸಾಲೆಯಲ್ಲಿ ಇಳಿಸಿ, ಪುರುಸೊತ್ತಾದಾಗ ಒಳಗೆ ಹೊಂದಿಸಿದ ಹಾಗೆ. ರಾತ್ರಿಯೆಲ್ಲ ಮಿಟುಕಿದ ದೀಪ ಆ ಹೊಂದಿಸುವ ಕೆಲಸದ್ದು. ಪಡಸಾಲೆ ತುಂಬುವಷ್ಟು ಚೀಲ ಒಮ್ಮೆಲೇ ತಂದರೆ ಬಾಗಿಲಲ್ಲೇ ಜಾಮ್. ಮದುವೆ ಫೋಟೋ ಹಾಕುವವನಿಗೆ ಇದು ಎಂದೂ ಗೊತ್ತಾಗುವುದಿಲ್ಲ, ವಿಡಿಯೋದವನಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಡಬ್ಬಿಯ ಮೇಲೆ ಈ ಮಾತು ಬರೆದಿರುವುದು ಅಪರೂಪ. 2.5 ಇಂಚಿನ ದೊಡ್ಡ ಸಾಮರ್ಥ್ಯದ ಪೋರ್ಟಬಲ್ ಡಿಸ್ಕುಗಳಲ್ಲಿ ಬಹಳಷ್ಟು ಹೀಗೇ ಇವೆ ಎಂದು ತಿಳಿದುಕೊಂಡೇ ಕೊಳ್ಳುವುದು ಒಳ್ಳೆಯದು.

ಹೊಸದು ಕೊಳ್ಳುವ ಮೊದಲು ನನಗೆ ನಿಜವಾಗಿ ಎಷ್ಟು ವೇಗ ಬೇಕು ಎಂದು ಲೆಕ್ಕ ಹಾಕಿದೆ. ನನ್ನ ಕ್ಯಾಮೆರಾ ಫೋರ್‌ಕೆಯನ್ನು 100 ಎಂಬಿಪಿಎಸ್‌ನಲ್ಲಿ ಬರೆಯುತ್ತದೆ. ಅದು ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಇದನ್ನು ಓದಲು ಎಂಥ ಹಳೇ ಡಿಸ್ಕ್ ಆದರೂ ಸಾಕು. ಆದರೆ ಎಡಿಟಿಂಗ್‌ನಲ್ಲಿ ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದಾಗ ಹಾರ್ಡ್ ಡಿಸ್ಕಿನ ಮುಳ್ಳು ಮೂರು ಕಡೆ ಜಿಗಿಯಬೇಕು, ಟೈಮ್‌ಲೈನ್ ಎಳೆದಾಗೆಲ್ಲ ಮತ್ತೆ ಜಿಗಿಯಬೇಕು. ಲೆಕ್ಕಕ್ಕೆ 37.5 ಎಂಬಿ ಆದರೂ ಚಿತ್ರ ತಡವರಿಸುವುದು ಅದಕ್ಕೇ. ಇನ್ನು ಧಾರವಾಡದ ಗೆಳೆಯನೊಬ್ಬ ಮ್ಯಾಕಿನಲ್ಲಿ ಬಣ್ಣ ತಿದ್ದಿ ಕಳಿಸುವ ಫೈಲುಗಳು ಪ್ರೋರೆಸ್ 422, ಎಡಿಟಿಂಗ್‌ಗೆಂದೇ ಆಪಲ್ ಮಾಡಿದ ದಪ್ಪ ಗಾತ್ರದ ವಿಡಿಯೋ ಬಗೆ. ಫೋರ್‌ಕೆ, ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ 492 ಎಂಬಿಪಿಎಸ್. ಅಂದರೆ ಸೆಕೆಂಡಿಗೆ 61 ಎಂಬಿ ಮೇಲೆ, ಗಂಟೆಗೆ 220 ಜಿಬಿ ಮೇಲೆ. ಇಂಥ ಮೂರು ಸಾಲು ಟೈಮ್‌ಲೈನಿನಲ್ಲಿ ಕೂತರೆ 185 ಎಂಬಿ. ಅದಕ್ಕೆ ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಬರೆಯುವ ಎಸ್‌ಎಸ್‌ಡಿಯೇ ಆಗಬೇಕು.

ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಲ್ಲಿ ಹುಡುಗ ಒಂದು ಚಂದದ ಪೋರ್ಟಬಲ್ ಎಸ್‌ಎಸ್‌ಡಿ ಕೈಗಿಟ್ಟ.

“1,050 ಎಂಬಿ ಐತ್ರಿ ಸರ, ಮ್ಯಾಲೇ ಬರದಾರ ನೋಡ್ರಿ.”

“ಅದು ಶುರುವಿನ ಸ್ಪೀಡಪಾ. ಮುನ್ನೂರು ಜಿಬಿ ಒಮ್ಮೆಲೆ ಹಾಕಿದ್ರ ಕಡೀಕ ಎಷ್ಟು ಬರ್ತೈತಿ?”

“ಅಷ್ಟೆಲ್ಲಾ ಯಾರೂ ಕೇಳಂಗಿಲ್ರಿ” ಅಂದು ನಕ್ಕ. ಒಳಗಿದ್ದ ಮಾಲೀಕರು ಮಾತ್ರ ತಲೆ ಎತ್ತಿ ನೋಡಿ, “ಟಿಎಲ್‌ಸಿ ತೊಗೋರಿ, ಕ್ಯೂಎಲ್‌ಸಿ ಬ್ಯಾಡ” ಎಂದರು. ಆ ಒಂದು ಮಾತಿಗೇ ಅಲ್ಲೇ ಕೊಳ್ಳುವ ಮನಸ್ಸಾಯಿತು.

ಎಸ್‌ಎಸ್‌ಡಿಗೂ ಒಂದು ಪಡಸಾಲೆ ಇದೆ. ಚಿಪ್ಪಿನಲ್ಲಿ ಡೇಟಾ ಹಿಡಿಯುವ ಒಂದು ಕೋಶದಲ್ಲಿ ಟಿಎಲ್‌ಸಿ ಬಗೆ ಮೂರು ಬಿಟ್ ತುಂಬುತ್ತದೆ, ಕ್ಯೂಎಲ್‌ಸಿ ನಾಲ್ಕು. ಹೆಚ್ಚು ತುಂಬಿದಷ್ಟೂ ಬರೆಯುವುದು ನಿಧಾನ. ಅದಕ್ಕೆ ಖಾಲಿ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಸರಸರ ಬರೆದು, ಆಮೇಲೆ ಒತ್ತಾಗಿ ಜೋಡಿಸುತ್ತದೆ. ಆ ಖಾಲಿ ಜಾಗ ಮುಗಿದರೆ ಅಸಲಿ ವೇಗ ಹೊರಗೆ ಬೀಳುತ್ತದೆ. ಅಗ್ಗದ ಕ್ಯೂಎಲ್‌ಸಿಯಲ್ಲಿ ಅದು 100 ಎಂಬಿಗಿಂತಲೂ ಕೆಳಗೆ ಹೋಗಬಹುದು, ಅಂದರೆ ಒಳ್ಳೇ ಹಾರ್ಡ್ ಡಿಸ್ಕಿಗಿಂತ ಕಡೆ. ಡ್ರೈವ್ ತುಂಬುತ್ತ ಬಂದಂತೆ ಬಹಳಷ್ಟರಲ್ಲಿ ಪಡಸಾಲೆಯೂ ಚಿಕ್ಕದಾಗುತ್ತದೆ. ನಾನಂತೂ ಈಗ 1 ಟಿಬಿಯಲ್ಲಿ 150–200 ಜಿಬಿ ಯಾವಾಗಲೂ ಖಾಲಿ ಬಿಡುತ್ತೇನೆ. (1 ಟಿಬಿ ಅಂದದ್ದು ವಿಂಡೋಸ್‌ನಲ್ಲಿ 931 ಜಿಬಿ ತೋರಿಸುತ್ತದೆ. ಕಳುವಾಗಿದ್ದೇನಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1,024ರ ಲೆಕ್ಕ.)

ಕೊನೆಗೆ ಸಿದ್ಧ ಪೋರ್ಟಬಲ್ ಬಿಟ್ಟು ಬಿಡಿ ಸಾಮಾನು ಆರಿಸಿದೆ. 1 ಟಿಬಿಯ ಟಿಎಲ್‌ಸಿ ಎನ್‌ವಿಎಂಇ (ವೇಗದ ಬಗೆಯ ಬಿಡಿ ಎಸ್‌ಎಸ್‌ಡಿ) ಒಂದು, ಅದನ್ನು ಯುಎಸ್‌ಬಿಗೆ ಜೋಡಿಸುವ ರಿಯಲ್‌ಟೆಕ್ ಆರ್‌ಟಿಎಲ್ 9210ಬಿ ಚಿಪ್ ಇರುವ 10 ಜಿಬಿಪಿಎಸ್ ಅಲ್ಯೂಮಿನಿಯಂ ಕೇಸ್ ಒಂದು. ಬಿಡಿಯಾಗಿ ಕೊಂಡರೆ ಒಳಗೆ ಯಾವ ಎಸ್‌ಎಸ್‌ಡಿ ಇದೆ ಎಂದು ಗೊತ್ತಿರುತ್ತದೆ, ನಾಳೆ ಕೇಸ್ ಕೆಟ್ಟರೆ ಎಸ್‌ಎಸ್‌ಡಿ ಬಿಚ್ಚಿ ಬೇರೆ ಕೇಸಿಗೆ ಹಾಕಬಹುದು. 20 ಜಿಬಿಪಿಎಸ್ ಕೇಸ್ ಸಹ ಇತ್ತು, ಹುಡುಗ ಅದನ್ನೇ ಒತ್ತಿ ಒತ್ತಿ ತೋರಿಸಿದ. ಲ್ಯಾಪ್‌ಟಾಪಿನ ಪೋರ್ಟಿಗೆ ಆ 20ರ ಪದ್ಧತಿ ಗೊತ್ತಿಲ್ಲದಿದ್ದರೆ ಅದು 10ಕ್ಕೇ ಇಳಿದು ಓಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೇ ಒಂದು 10 ಜಿಬಿಪಿಎಸ್ ಟೈಪ್-ಸಿ, ಎರಡು 5 ಜಿಬಿಪಿಎಸ್ ನೀಲಿ ಪೋರ್ಟು. ಇಲ್ಲದ ರಸ್ತೆಗೆ ಗಾಡಿ ಕೊಳ್ಳುವುದೇಕೆ?

ಜೋಡಿಸುವುದು ಐದು ನಿಮಿಷದ ಕೆಲಸ. ನಾನು ಅದರಲ್ಲೂ ಎಡವಿದೆ. ಎಸ್‌ಎಸ್‌ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಸಾಕೆಟ್ಟಿಗೆ ಸ್ವಲ್ಪ ಓರೆಯಾಗಿ ತೂರಿಸಿ, ತುದಿಯನ್ನು ಮೆಲ್ಲಗೆ ಒತ್ತಿ, ರಬ್ಬರ್ ಬಿರಡೆ ಸಿಕ್ಕಿಸಿದರೆ ಆಯಿತು. ಅದರ ಮೇಲೆ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್, ಅದರ ಮೇಲೆ ಅಲ್ಯೂಮಿನಿಯಂ ಮುಚ್ಚಳ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಜಿಪಿಟಿ (ಡ್ರೈವಿನ ಜಾಗ ವಿಂಗಡಿಸುವ ಪದ್ಧತಿ) ಎಂದು ಇನಿಷಿಯಲೈಸ್ ಮಾಡಿ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಕೊಟ್ಟೆ. ಹೊಸ ಬಿಡಿ ಎಸ್‌ಎಸ್‌ಡಿ ಹಾಕಿದ ಕೂಡಲೇ ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ, ಕಾಣಲಿಲ್ಲವೆಂದು ಅಂಗಡಿಗೆ ವಾಪಸ್ ಓಡಬೇಡಿ.

ಮೊದಲ ಪರೀಕ್ಷೆ. 300 ಜಿಬಿ ಕಾಪಿಗೆ ಹಾಕಿದೆ. ವೇಗ ಸೆಕೆಂಡಿಗೆ 38 ಎಂಬಿ! ಎದೆ ಧಸಕ್ಕೆಂದಿತು. ನೋಡಿದರೆ ಕೇಸಿನ ಜೊತೆ ಬಂದ ಕೇಬಲ್ ಮೇಜಿನ ಮೇಲೇ ಇದೆ, ನಾನು ಸಿಕ್ಕಿಸಿದ್ದು ಮೊಬೈಲ್ ಚಾರ್ಜರಿನದು. ಎರಡೂ ತುದಿ ಟೈಪ್-ಸಿ, ನೋಡಲು ಅವಳಿ ಜವಳಿ. ಚಾರ್ಜಿಂಗ್ ಕೇಬಲ್ಲುಗಳ ಒಳಗೆ ಬಹುತೇಕ ಯುಎಸ್‌ಬಿ 2.0 ತಂತಿಯಷ್ಟೇ ಇರುತ್ತದೆ, 480 ಮೆಗಾಬಿಟ್ ಮೇಲೆ ಅದಕ್ಕೆ ಆಗುವುದಿಲ್ಲ. ಸರಿಯಾದ ಕೇಬಲ್ ಹಾಕಿ, ಅದರ ಕೊರಳಿಗೆ ಕೆಂಪು ದಾರ ಕಟ್ಟಿದೆ. ಈಗ 900 ದಾಟಿತು.

ನಾಲ್ಕು ನಿಮಿಷದ ಖುಷಿ. ಆಮೇಲೆ 900 ಇದ್ದದ್ದು 300, ಮತ್ತೆ 700, ಮತ್ತೆ 250. ಕೇಸ್ ಮುಟ್ಟಿದರೆ ಮಾತ್ರ ಅಷ್ಟೇನೂ ಬಿಸಿ ಇಲ್ಲ. ಎಸ್‌ಎಸ್‌ಡಿಯ ಒಳಗಿನ ತಾಪ 76 ಡಿಗ್ರಿ ತೋರಿಸುತ್ತಿದೆ! ಒಳಗೆ ಕಾದು, ಹೊರಗೆ ತಣ್ಣಗಿದ್ದರೆ ಬಿಸಿ ಹೊರಗೆ ಬರುತ್ತಿಲ್ಲ ಅಂತಲೇ ಅರ್ಥ. ಬಿಚ್ಚಿದೆ. ಥರ್ಮಲ್ ಪ್ಯಾಡಿನ ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ನೀಲಿ ಬಣ್ಣದ್ದನ್ನು ಕಿತ್ತಿದ್ದೆ, ಇನ್ನೊಂದು ಬದಿಯದು ಪಾರದರ್ಶಕ, ಕಣ್ಣಿಗೆ ಬಿದ್ದಿರಲೇ ಇಲ್ಲ. ಉಗುರಿನ ತುದಿಯಿಂದ ಮೂಲೆ ಎಬ್ಬಿಸಿ ಎಳೆದರೆ ಚರ್‌ರ್ ಎಂದು ಬಂತು. ಮತ್ತೆ ಜೋಡಿಸಿ ಅದೇ 300 ಜಿಬಿ ಹಾಕಿದೆ. ಈ ಸಲ ಒಳಗಿನ ತಾಪ 61ಕ್ಕೆ ನಿಂತಿತು, ಕೇಸ್ ಮಾತ್ರ ಕೈ ಚುರುಗುಟ್ಟುವಷ್ಟು ಕಾದಿತ್ತು. ಅದೇ ಸರಿ. ಪಡಸಾಲೆ ತುಂಬಿದ ಮೇಲೆ ಕೂಡ 500ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇದೇ ಹೊತ್ತಿಗೆ ಚಿಕ್ಕಪ್ಪನ ಮಗ ಆನ್‌ಲೈನಿನಲ್ಲಿ ತರಿಸಿದ ‘16 ಟಿಬಿ ಎಸ್‌ಎಸ್‌ಡಿ’ ಹಿಡಿದು ಬಂದ. “ಅಣ್ಣಾ, ನೀ ಒಂದಕ್ಕ ಕೊಟ್ಟ ರೊಕ್ಕದಾಗ ಹದಿನಾರು ಬಂತು ನೋಡು!” ಕೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣದ ತೂಕ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಚಿಕ್ಕ ಉಚಿತ ತಂತ್ರಾಂಶ ಇದೆ, ಡ್ರೈವಿನ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಮ್ಯಾಕ್, ಲಿನಕ್ಸ್‌ನವರಿಗೆ ಎಫ್3 ಇದೆ. ಅರವತ್ತು ಜಿಬಿ ಚಿಲ್ಲರೆ ದಾಟುವಷ್ಟರಲ್ಲಿ ಬರೆದದ್ದೆಲ್ಲ ಗಾಳಿಗೆ ಹೋಗುತ್ತಿತ್ತು. ಡಬ್ಬಿ ಒಡೆದರೆ ಒಳಗೆ ಒಂದು ಮೈಕ್ರೋ ಎಸ್‌ಡಿ ಕಾರ್ಡ್, ಮೇಲೆ ಗಟ್ಟಿ ಅಂಟು. ಇಂಥದ್ದು ಕೆಲಸ ಮಾಡುತ್ತಿರುವಂತೆ ನಟಿಸುವುದೇ ಅಪಾಯ. ಫೈಲಿನ ಹೆಸರು ಕಾಣುತ್ತದೆ, ಗಾತ್ರ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಯಾರದೋ ಮದುವೆ ಅದರಲ್ಲಿ ಹೋಗಿಬಿಡುತ್ತಿತ್ತು.

ಎಕ್ಸ್‌ಫ್ಯಾಟ್ ಯಾಕೆ ಎಂದರೆ, ಧಾರವಾಡದ ಗೆಳೆಯನ ಮ್ಯಾಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಹಳೇ ಫಾರ್ಮ್ಯಾಟ್ ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ನಮಗೆ ಉಪಯೋಗಕ್ಕಿಲ್ಲ. ಉಳಿದದ್ದು ಎಕ್ಸ್‌ಫ್ಯಾಟ್. ಆದರೆ ಅದಕ್ಕೆ ಜರ್ನಲ್ ಎಂಬ ದಿನಚರಿ ಪುಸ್ತಕ ಇಲ್ಲ. ಬರೆಯುವ ನಡುವೆ ಕೇಬಲ್ ಕಿತ್ತರೆ ಎಲ್ಲಿಯವರೆಗೆ ಬರೆದಿತ್ತು ಎಂದು ಅದಕ್ಕೇ ನೆನಪಿರುವುದಿಲ್ಲ, ಒಮ್ಮೊಮ್ಮೆ ಇಡೀ ಫೋಲ್ಡರ್ ಹೋಗುತ್ತದೆ. ‘ಇಜೆಕ್ಟ್’ ಕೊಡದೆ ಕೀಳುವ ಚಟ ನನಗೂ ಇತ್ತು. ಬಿಟ್ಟಿದ್ದೇನೆ.

ಇನ್ನೊಂದು ಪಾಠ ಕರೆಂಟಿನದು. ಹಳೇ ಕೆಲಸ ಇಡಲು ಎರಡು 4 ಟಿಬಿಯ 3.5 ಇಂಚಿನ ಡಿಸ್ಕ್ ತಂದೆ. ಎಸ್‌ಎಂಆರ್ ಅಲ್ಲ, ಮಾಡೆಲ್ ನಂಬರ್ ನೋಡಿಯೇ ತಂದದ್ದು. ಇವಕ್ಕೆ ಯುಎಸ್‌ಬಿಯ ಶಕ್ತಿ ಸಾಲದು, 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ಸತ್ತಿರುತ್ತದೆ. ಕಾಪಿಯ ನಡುವೆ ಹೀಗಾಗಿ ಒಮ್ಮೆ ಅರ್ಧ ಫೋಲ್ಡರ್ ಕಳೆದುಕೊಂಡ ಮೇಲೆ ಅಡಾಪ್ಟರನ್ನು ಇನ್ವರ್ಟರಿನ ಪ್ಲಗ್ಗಿಗೆ ಸರಿಸಿದೆ.

ಎಲ್ಲಕ್ಕೂ ಎಸ್‌ಎಸ್‌ಡಿಯನ್ನೇ ಏಕೆ ಇಡಬಾರದು ಎಂದು ಕೆಲವರು ಕೇಳುತ್ತಾರೆ. ರೊಕ್ಕದ ಮಾತು ಬಿಡಿ, ಎಸ್‌ಎಸ್‌ಡಿ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗುವ ವಸ್ತುವಲ್ಲ. ಕೋಶದಲ್ಲಿ ಹಿಡಿದಿಟ್ಟ ವಿದ್ಯುತ್ ನಿಧಾನಕ್ಕೆ ಸೋರುತ್ತದೆ. ಬರೆಯುವ ಆಯುಷ್ಯ ಮುಗಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಡೇಟಾ ಹಿಡಿದಿರಬೇಕು ಎಂಬುದು ಚಿಪ್ ಉದ್ಯಮಕ್ಕೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇನ್ನೂ ಹೆಚ್ಚು ತಾಳುತ್ತದೆ, ಬಿಸಿ ಹೆಚ್ಚಾದರೆ ಕಡಿಮೆ. ನಮ್ಮ ಏಪ್ರಿಲ್ ತಿಂಗಳಲ್ಲಿ ಕಪಾಟಿನ ಒಳಗೆ 30 ಡಿಗ್ರಿ ಎಲ್ಲಿಂದ ತರುವುದು?

ಸಂಕ್ರಾಂತಿ ಆದ ಮೇಲೆ ಮತ್ತೊಂದು ಹೋರಿ ಹಬ್ಬಕ್ಕೆ ಹೊಸ ಡ್ರೈವ್ ತೆಗೆದುಕೊಂಡು ಹೋದೆ. ಅಲ್ಲೂ ಒಂದು ಎಡವಟ್ಟು. ಕಾರ್ಡ್ ರೀಡರ್, ಎಸ್‌ಎಸ್‌ಡಿ ಎರಡನ್ನೂ ಒಂದೇ ಅಗ್ಗದ ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಸಿಕ್ಕಿಸಿದ್ದೆ, ಎರಡು ನಿಮಿಷಕ್ಕೆ ‘ಡುಂಡುಂ’ ಎಂದು ಡ್ರೈವ್ ಮಾಯ. ಸಾದಾ ಯುಎಸ್‌ಬಿ 3 ಪೋರ್ಟು ಕೊಡುವುದು 900 ಮಿಲಿಆಂಪ್, ಅಂದರೆ 4.5 ವ್ಯಾಟ್. ಎನ್‌ವಿಎಂಇ ಜೋರಾಗಿ ಬರೆಯುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು, ಹಬ್ ಅದನ್ನೇ ಹಂಚಿ ಕೊಡುತ್ತಿತ್ತು. ನೇರ ಟೈಪ್-ಸಿಗೆ ಹಾಕಿದ ಮೇಲೆ ಮತ್ತೆ ತಂಟೆ ಮಾಡಲಿಲ್ಲ. ಅಲ್ಲೇ ಇದ್ದ ಒಬ್ಬ ಹುಡುಗ ಐಫೋನ್ 15 ಪ್ರೋದಿಂದ ನೇರ ಎಸ್‌ಎಸ್‌ಡಿಗೆ ಪ್ರೋರೆಸ್ ರೆಕಾರ್ಡ್ ಮಾಡಲು ಹೆಣಗುತ್ತಿದ್ದ. ಅದಕ್ಕೂ ಆಪಲ್ ಹೇಳುವ ಲೆಕ್ಕ ಇದೇ: ಡ್ರೈವ್ 4.5 ವ್ಯಾಟ್ ಮೀರಿ ಎಳೆಯಬಾರದು, ಸೆಕೆಂಡಿಗೆ 220 ಎಂಬಿಯಾದರೂ ಬರೆಯಬೇಕು. ಅವನು ಹಾಕಿದ್ದು ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್, ಅದು ಯುಎಸ್‌ಬಿ 2. ನನ್ನ ಕೆಂಪು ದಾರದ್ದನ್ನು ಕೊಟ್ಟೆ, ನಡೆಯಿತು. ಸಂಜೆ ನೆನಪಿಟ್ಟು ವಾಪಸ್ ಇಸಿದುಕೊಂಡೆ.

ಹನ್ನೊಂದೂವರೆಗೆ ಮೊದಲ ಕಾರ್ಡ್ ತುಂಬಿತು. 118 ಜಿಬಿ. ಕಾಪಿ ಕೊಟ್ಟು ಮುಖ ನೋಡುತ್ತ ನಿಂತೆ. ಸೆಕೆಂಡಿಗೆ 89 ಎಂಬಿ. ಅಷ್ಟೇ! ಆಗ ಹೊಳೆಯಿತು ನನ್ನ ದಡ್ಡತನ. ನನ್ನ ಕಾರ್ಡುಗಳು ಯುಎಚ್‌ಎಸ್-1 ಎಂಬ ವೇಗದ ದರ್ಜೆಯವು. ಆ ಪದ್ಧತಿಯ ಮೇಲ್ಮಿತಿಯೇ 104 ಎಂಬಿ. ಸಾವಿರದ ಡ್ರೈವ್ ತೊಂಬತ್ತರ ಕಾರ್ಡಿನ ಮುಂದೆ ಕೈಕಟ್ಟಿ ಕಾಯುತ್ತಿದೆ. ಕಣದಲ್ಲಿ ನನಗೆ ಬೇಕಾಗಿದ್ದದ್ದು ಸಾವಿರ ಅಲ್ಲ, ಕಡೆಯ ಜಿಬಿವರೆಗೂ ತೊಂಬತ್ತರಿಂದ ಜಾರದ ಡ್ರೈವ್. ಸಾಟಾ ಎಂಬ ಹಳೇ, ಕಡಿಮೆ ವೇಗದ ಬಗೆಯ ಒಂದು ಎಸ್‌ಎಸ್‌ಡಿ, ಒಂದು ಸಾದಾ ಕೇಸ್ ತಂದಿದ್ದರೂ ಆಗುತ್ತಿತ್ತು. ಸಾವಿರದ ಲಾಭ ಮನೆಯಲ್ಲಿ, ಪ್ರೋರೆಸ್ ಮೂರು ಸಾಲು ಓಡಿಸುವಾಗ ಮಾತ್ರ.

ಇಪ್ಪತ್ತೆರಡು ನಿಮಿಷಕ್ಕೆ ಮುಗಿಯಿತು, ವೇಗ ಒಮ್ಮೆಯೂ ಇಳಿಯಲಿಲ್ಲ. ಕಾರ್ಡನ್ನು ಕೂಡಲೇ ಅಳಿಸಲೂ ಇಲ್ಲ. ಈ ಸಲ ಎರಡು ಕಾರ್ಡ್ ಹೆಚ್ಚಿಗೆ ಒಯ್ದಿದ್ದೆ, ಅದು ಡ್ರೈವಿಗಿಂತ ಅಗ್ಗದ ಉಪಾಯ, ಮೊದಲೇ ಹೊಳೆಯಬೇಕಿತ್ತು. ಟೆರಾಕಾಪಿ ಎಂಬ ಕಾಪಿ ತಂತ್ರಾಂಶದಲ್ಲಿ ವೆರಿಫೈ ಹಾಕಿ ತಾಳೆ ನೋಡಿ, ಎರಡನೇ ಪ್ರತಿ ಆಗುವವರೆಗೆ ಕಾರ್ಡ್ ಜೇಬಿನಲ್ಲೇ. ಲ್ಯಾಪ್‌ಟಾಪನ್ನು ಡಿಜೆ ಪೆಟ್ಟಿಗೆಯ ಪಕ್ಕ ಇಟ್ಟಿದ್ದೆ, ಎಸ್‌ಎಸ್‌ಡಿಗೆ ಅದರ ಪರಿವೆಯೇ ಇಲ್ಲ. ಹಾರ್ಡ್ ಡಿಸ್ಕ್ ಆಗಿದ್ದರೆ ಆ ಅದುರಿಗೆ ಅದರ ಮುಳ್ಳು ದಾರಿ ತಪ್ಪುತ್ತಿತ್ತು.

ಆ ಎಸ್‌ಎಂಆರ್ ಡಿಸ್ಕನ್ನು ಎಸೆದಿಲ್ಲ. ಒಮ್ಮೆ ಬರೆದು ಇಟ್ಟುಬಿಡುವ ಎರಡನೇ ಪ್ರತಿಗೆ ಅದು ಸಾಕು, ಓದುವಾಗ ಚೆನ್ನಾಗಿಯೇ ಓಡುತ್ತದೆ. ಹಬ್ಬದಿಂದ ಬಂದ ರಾತ್ರಿ ಎಸ್‌ಎಸ್‌ಡಿಯಿಂದ ಅದಕ್ಕೆ 340 ಜಿಬಿ ಕೊಟ್ಟು ಮಲಗಿದೆ. ಬೆಳಿಗ್ಗೆ ಆರಕ್ಕೆ ಎದ್ದರೆ ಕಾಪಿ ಮುಗಿದಿತ್ತು, ದೀಪ ಮಾತ್ರ ಇನ್ನೂ ಮಿಟುಕುತ್ತಿತ್ತು. ಕೀಳದೆ ಹಾಗೇ ಬಿಟ್ಟು ಹಲ್ಲುಜ್ಜಲು ಹೋದೆ.